ಹುಣ್ಣಿಮೆಗೆ ಮುಗಿಯಬೇಕಾದ ಬುಟ್ಟಿ

ನಮ್ಮ ಮನೆಯ ಅಟ್ಟದ ಮೇಲೆ ಆಕಾಶಬುಟ್ಟಿಯ ಮೂರು ಅಸ್ಥಿಪಂಜರಗಳಿವೆ. ಬಿದಿರಿನ ಕಡ್ಡಿ ಸೀಳಿ, ನೂಲು ಸುತ್ತಿ ಕಟ್ಟಿದ ಚೌಕಟ್ಟುಗಳು. ಮೊದಲನೆಯದನ್ನು ಕಟ್ಟಿದಾಗ ನನ್ನ ಮಗಳು ಏಳನೇ ತರಗತಿಯಲ್ಲಿದ್ದಳು. ಬಣ್ಣದ ಕಾಗದ ತಂದು ಅಂಟಿಸಬೇಕು ಎನ್ನುವಷ್ಟರಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಂತು. ದೀಪಾವಳಿಯ ಹಿಂದಿನ ಸಂಜೆ ಪೇಟೆಗೆ ಓಡಿ ಪ್ಲಾಸ್ಟಿಕ್ಕಿನದೊಂದನ್ನು ತಂದು ಜಗುಲಿಗೆ ತೂಗುಹಾಕಿದೆ. ಎರಡನೆಯದರ ಕಥೆಯೂ ಅದೇ. ಮೂರನೆಯದರ ವಿಚಾರ ಹೇಳದಿರುವುದೇ ಮೇಲು. ‘ನಿಮ್ಮ ಲ್ಯಾಬಿನ ಎಲುಬಿನ ಗೂಡಿಗೆ ಇವೇ ಜೊತೆ’ ಎಂದು ನನ್ನ ಹೆಂಡತಿ ಪ್ರತಿ ವರ್ಷ ಅಟ್ಟ ಗುಡಿಸುವಾಗ ಹೇಳುವುದುಂಟು.

ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ರಟ್ಟಿನ ಪೆರಿಸ್ಕೋಪು, ಬಲ್ಬಿನೊಳಗೆ ನೀರು ತುಂಬಿದ ಭೂತಗನ್ನಡಿ, ಬಳೆಚೂರಿನ ಬಣ್ಣದರ್ಶಕ ಎಲ್ಲವನ್ನೂ ಮಕ್ಕಳ ಕೈಯಲ್ಲಿ ಮಾಡಿಸಿದ್ದೇನೆ. ‘ಮಾಡಿ ಕಲಿ’ ಎಂದು ಕಪ್ಪು ಹಲಗೆಯ ಮೇಲೆ ಬರೆದವನು ನಾನೇ. ಆದರೆ ಸ್ವಂತ ಮನೆಯವರಿಗೆಂದು ಕೈ ಹಾಕಿದ ಕೆಲಸಗಳಲ್ಲಿ ಮುಗಿದದ್ದು ಕಡಿಮೆ. ನಿವೃತ್ತಿಗೆ ಇನ್ನೆರಡು ವರ್ಷವಿದೆ. ಆಮೇಲೆ ನೋಡೋಣ ಎಂಬುದು ನನ್ನ ಇತ್ತೀಚಿನ ನೆಪ.

ಈ ನೆಪವನ್ನು ಕಿತ್ತುಕೊಂಡದ್ದು ಒಂದು ಊರು. ಅದು ಸೊರಬ ತಾಲ್ಲೂಕಿನ ಕ್ಯಾಸನೂರು.

ದಸರಾ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಹತ್ತನೇ ತರಗತಿಯಲ್ಲಿ ನನ್ನ ಕೈಯಲ್ಲಿ ಎರಡು ಸಲ ಪೆಟ್ಟು ತಿಂದವನು, ಈಗ ಐವತ್ತರ ಹತ್ತಿರ. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ ತೋಟ. ‘ಮೇಷ್ಟ್ರೇ, ನಮ್ಮೂರಿನ ಹೆಸರನ್ನ ಪಾಠದಲ್ಲಿ ಎಷ್ಟು ಸಲ ಹೇಳಿದೀರಿ. ಒಂದು ಸಲ ಬಂದು ನೋಡೂ ಹೋಗ್ರಿ. ಭೂಮಿ ಹುಣ್ಣಿಮೆಗೆ ಮೂರು ದಿನ ಮುಂಚೆನೇ ಬನ್ರಿ, ಬುಟ್ಟಿ ಬರೆಯೋದು ನೋಡಬೋದು’ ಎಂದ. ನಾನು ಚೀಲ ಹೆಗಲಿಗೇರಿಸಿದೆ.

ಶಿಕಾರಿಪುರದಿಂದ ಸೊರಬಕ್ಕೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೆ ಅರ್ಧ ಭೂಗೋಳ, ಅರ್ಧ ಇತಿಹಾಸ ಪುಕ್ಕಟೆಯಾಗಿ ಸಿಗುತ್ತದೆ. ಶಿಕಾರಿಪುರ ಬಿಟ್ಟಾಗ ಎರಡೂ ಬದಿಗೆ ಮೆಕ್ಕೆಜೋಳದ ಹೊಲ. ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ, ತಾಳಗುಂದ. ಒಂದರಲ್ಲಿ ಕೇದಾರೇಶ್ವರ, ಇನ್ನೊಂದರಲ್ಲಿ ಕದಂಬರ ಕಥೆ ಹೇಳುವ ಕಂಬದ ಶಾಸನ. ಅಲ್ಲಿಂದ ಮುಂದೆ ನೆಲ ಏರಿಳಿಯತೊಡಗುತ್ತದೆ, ಮಣ್ಣು ಕೆಂಪಾಗುತ್ತದೆ. ಬಯಲುಸೀಮೆ ಮಲೆನಾಡಿಗೆ ತಲೆಬಾಗುವ ಜಾಗ ಇದು. ಭತ್ತದ ಗದ್ದೆ, ಅದರ ಮೇಲೆ ಕಾನು, ಕಾನಿನ ಬುಡದಲ್ಲಿ ಹೆಂಚಿನ ಮನೆ. ಆದರೆ ಗದ್ದೆಗಳ ಮಧ್ಯೆ ಎಳೆಯ ಅಡಿಕೆ ಸಸಿಗಳು ಸಾಲುಗಟ್ಟಿ ನಿಂತಿರುವುದು ಈಗ ಎಲ್ಲೆಲ್ಲೂ ಕಾಣುತ್ತದೆ. ಹತ್ತು ವರ್ಷದ ಹಿಂದೆ ಕಂಡ ಗದ್ದೆ ಬಯಲನ್ನು ಹುಡುಕಿದರೆ ತೋಟ ಸಿಗುತ್ತದೆ.

ಸೊರಬದಲ್ಲಿ ಬಸ್ಸು ಬದಲಿಸಬೇಕಿತ್ತು. ಸೊರಬ ಎಂದರೆ ಗುಡಿಗಾರರ ಊರು. ಗಂಧದ ಕೆತ್ತನೆಗೆ ಸೊರಬ, ಸಾಗರದ ಗುಡಿಗಾರರದು ದೊಡ್ಡ ಹೆಸರು. ಗಂಧದಷ್ಟೇ ಅವರ ಕೈಗೆ ಒಗ್ಗಿದ ಇನ್ನೊಂದು ವಸ್ತು ಬೆಂಡು. ನೀರಿನಲ್ಲಿ ಬೆಳೆಯುವ ಗಿಡದ ದಿಂಡು. ಹತ್ತಿಯಷ್ಟು ಹಗುರ, ದಂತದಷ್ಟು ಬಿಳುಪು. ಅದನ್ನು ಕಾಗದದಂತೆ ತೆಳ್ಳಗೆ ಹೆರೆದು ಮದುಮಕ್ಕಳ ಬಾಸಿಂಗ ಮಾಡುತ್ತಾರೆ. ಬಸ್ಸಿಗೆ ಕಾಯುತ್ತ ಒಬ್ಬ ಹಿರಿಯ ಕುಶಲಕರ್ಮಿಯ ಜಗುಲಿಯಲ್ಲಿ ಅರ್ಧ ಗಂಟೆ ಕೂತೆ. ‘ಗಂಧದ ಗಣಪತಿ ಒಂದು ತಿಂಗಳು ತಡವಾದರೂ ಗಣಪತಿನೇ. ಬಾಸಿಂಗ ಮುಹೂರ್ತದ ಮಾರನೇ ದಿನ ಮುಗಿದರೆ ಬರೀ ಬೆಂಡು’ ಎಂದರು. ಚೀಲದೊಳಗಿಂದ ಯಾರೋ ಚುಚ್ಚಿದ ಹಾಗಾಯಿತು. ಅಟ್ಟದ ಮೇಲಿನ ಮೂರು ಬುಟ್ಟಿಗಳು ನೆನಪಾದವು.

ಹೆಸರು ಹೊತ್ತ ಊರು

ಕ್ಯಾಸನೂರಿನ ಹೆಸರು ಕೇಳದ ವೈದ್ಯ ವಿದ್ಯಾರ್ಥಿ ಜಗತ್ತಿನಲ್ಲಿ ಇರಲಾರ. ಆದರೆ ಊರನ್ನು ಕಂಡವರು ಎಷ್ಟು ಮಂದಿ? 1957ರ ಆರಂಭದಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿ ಬಂದವರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ಮಂಗ ಸಾಯುವ ಜ್ವರ ಎಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರವೇ ಭಾರತಕ್ಕೆ ಬಂತೇ ಎಂದು ತಜ್ಞರು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗಗಳಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ, ಅದುವರೆಗೆ ಯಾರೂ ಕಾಣದ ಹೊಸ ವೈರಸ್ ಆಗಿತ್ತು. ದೂರದ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಇದು ನೆಂಟ. ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಅನುಮಾನವೂ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ಮಾಡಿದ್ದಕ್ಕೆ ಈ ಅನುಮಾನವೂ ಒಂದು ಕಾರಣ.

ವೈರಸ್ಸಿಗೆ ಹೆಸರು ಬೇಕಿತ್ತು. ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಜನ ಕರೆಯುವುದು ಮಂಗನ ಕಾಯಿಲೆ ಎಂದು. ಅಲ್ಲಿಂದೀಚೆಗೆ ಅದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಉಡುಪಿ, ಚಿಕ್ಕಮಗಳೂರಿಗೂ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರಕ್ಕೂ ಹಬ್ಬಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡಾಗ ಅಲ್ಲಿನವರು ಪಟ್ಟ ಪಾಡನ್ನು ಈ ಭಾಗದವರು ಮರೆತಿಲ್ಲ. ರೋಗ ಎಲ್ಲಿ ಹೋದರೂ ಹೆಸರು ಮಾತ್ರ ಈ ಪುಟ್ಟ ಊರಿನದೇ. ಹೊಸ ರೋಗಗಳಿಗೆ ಊರಿನ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಕ್ಯಾಸನೂರು ಐವತ್ತೆಂಟು ವರ್ಷಗಳಿಂದ ಆ ಹೊರೆ ಹೊತ್ತಾಗಿತ್ತು.

‘ಮೈಸೂರಿಗೆ ಟ್ರೈನಿಂಗಿಗೆ ಹೋದಾಗ ಊರು ಯಾವುದು ಅಂದ್ರೆ ಸೊರಬ ಅಂತಿದ್ದೆ ಮೇಷ್ಟ್ರೇ’ ಎಂದ ನನ್ನ ಶಿಷ್ಯ, ಬಸ್ಸಿಳಿದ ನನ್ನ ಕೈಯಿಂದ ಚೀಲ ತೆಗೆದುಕೊಳ್ಳುತ್ತ. ‘ಕ್ಯಾಸನೂರು ಅಂದ್ರೆ ಪಕ್ಕದಲ್ಲಿ ಕೂತೋರು ಒಂದು ಗೇಣು ಸರೀತಿದ್ರು.’ ನಕ್ಕೇ ಹೇಳಿದ. ನಾನು ನಗಲಿಲ್ಲ. ತರಗತಿಯಲ್ಲಿ ಆ ಹೆಸರನ್ನು ನಾನು ಹೇಳುವಾಗೆಲ್ಲ ಮೂರನೇ ಬೆಂಚಿನಲ್ಲಿ ಕೂತ ಈ ಹುಡುಗ ತಲೆ ತಗ್ಗಿಸುತ್ತಿದ್ದುದು ಯಾಕೆಂದು ಇಷ್ಟು ವರ್ಷಗಳ ಮೇಲೆ ತಿಳಿಯಿತು.

ಬಸುರಿ ಭೂಮಿಗೆ ಉಡುಗೊರೆ

ಅವನ ಮನೆಯ ಜಗುಲಿಯಲ್ಲಿ ಹೊಸ ಬಿದಿರಿನ ಎರಡು ಬುಟ್ಟಿಗಳು ಕವುಚಿ ಬಿದ್ದಿದ್ದವು. ಒಂದು ದೊಡ್ಡದು, ಒಂದು ಸಣ್ಣದು. ಸೆಗಣಿ ಸಾರಿಸಿ ಒಣಗಿಸಿದ್ದಾಗಿತ್ತು. ಅವನ ಹೆಂಡತಿ ಕೆಮ್ಮಣ್ಣು ಕಲಸುತ್ತಿದ್ದರು. ‘ಬನ್ರಿ ಮೇಷ್ಟ್ರೇ, ಕೈ ಕೆಂಪಾಗಿದೆ, ನೀರು ಕೊಡಾಕೂ ಆಗಲ್ಲ. ಮಗಳೇ, ಮೇಷ್ಟ್ರಿಗೆ ಕಾಲು ತೊಳೆಯಾಕೆ ನೀರು ಕೊಡೇ’ ಎಂದರು.

ಭೂಮಿ ಹುಣ್ಣಿಮೆ ಎಂದರೆ ಆಶ್ವಯುಜ ಮಾಸದ ಹುಣ್ಣಿಮೆ. ಸೀಗೆ ಹುಣ್ಣಿಮೆ ಎಂದೂ ಕರೆಯುತ್ತಾರೆ. ಆ ಹೊತ್ತಿಗೆ ಭತ್ತದ ಪೈರು ಹೊಡೆಯಾಗಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಎಲೆಯ ಕವಚದೊಳಗೆ ದಪ್ಪಗೆ ತುಂಬಿಕೊಂಡಿರುತ್ತದೆ. ಬೆರಳಿನಿಂದ ಮುಟ್ಟಿದರೆ ಬಸಿರು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ ಎಂದು ತಿಳಿಯುತ್ತದೆ. ಬಸುರಿ ಮಗಳಿಗೆ ತವರಿನವರು ಬಯಕೆ ಊಟ ಹಾಕುವ ಹಾಗೆ ಬಸುರಿ ಭೂಮಿಗೆ ಒಕ್ಕಲು ಮಕ್ಕಳು ಬಯಕೆ ಹಾಕುವ ದಿನ ಇದು. ಆ ಊಟವನ್ನು ಹೊತ್ತೊಯ್ಯುವುದಕ್ಕೆ ಬುಟ್ಟಿ. ಸೊರಬ, ಸಾಗರ, ಶಿಕಾರಿಪುರ, ಹೊಸನಗರದ ಕಡೆಯ ದೀವರ ಮನೆಗಳಲ್ಲಿ ಇದಕ್ಕೆ ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ಹಬ್ಬಕ್ಕೆ ಮನೆಯವರೇ ಕೈಯಾರೆ ಮಾಡಿ ಮನೆಯ ಮಗಳಿಗೆ ಕೊಡುವ ಉಡುಗೊರೆ. ಇಲ್ಲಿ ಆ ಮಗಳು ಭೂಮಿ, ಅಷ್ಟೇ ವ್ಯತ್ಯಾಸ.

ಬುಟ್ಟಿ ಬರೆಯುವುದು ಹೆಂಗಸರ ಕೆಲಸ. ನಾನು ವಿಜ್ಞಾನದ ಮೇಷ್ಟ್ರಾದ್ದರಿಂದ ಅಲ್ಲಿ ಕೂತು ಕಂಡದ್ದರಲ್ಲಿ ಅರ್ಧ ಪ್ರಯೋಗಶಾಲೆಯೇ. ಸೆಗಣಿಯ ನಾರು ಬಿದಿರಿನ ಹೆಣಿಗೆಯ ಸಂದುಗಳನ್ನು ಮುಚ್ಚಿ ನುಣ್ಣನೆಯ ಮೈ ಕೊಡುತ್ತದೆ. ಅದರ ಮೇಲೆ ಕೆಮ್ಮಣ್ಣು. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಎಷ್ಟು ಬಿಸಿಲು ಬಿದ್ದರೂ ಮಾಸದ ಬಣ್ಣ. ಬಿಳಿಗೆ ನೆನೆಸಿ ಅರೆದ ಅಕ್ಕಿ. ಅಕ್ಕಿಯ ಪಿಷ್ಟವೇ ಬಣ್ಣ, ಪಿಷ್ಟವೇ ಅಂಟು; ಬೇರೆ ಗೋಂದು ಬೇಡ. ಕಪ್ಪಿಗೆ ಅದೇ ಅಕ್ಕಿಯನ್ನು ಕರಕಲಾಗುವಂತೆ ಹುರಿದು ನೆನೆಸಿ ಅರೆಯುತ್ತಾರೆ. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಜಜ್ಜಿ ಎಳೆ ಬಿಡಿಸಿದರೆ ಕುಂಚ ಸಿದ್ಧ. ಅದನ್ನು ಬೆರಳ ತುದಿಯಲ್ಲಿ ಹಿಡಿದು ಕೆನ್ನೆಲದ ಮೇಲೆ ಎಳೆಯುವ ಗೆರೆಯೇ ಚಿತ್ತಾರ.

ಗೆರೆಗಳ ಲೆಕ್ಕ ಗಟ್ಟಿ. ಒಂದೆಳೆ, ಮೂರೆಳೆ, ಐದೆಳೆ ಎಂದು ಎಣಿಸಿಕೊಂಡೇ ಬರೆಯುತ್ತಾರೆ. ಅಡ್ಡ ಗೆರೆ ಉದ್ದ ಗೆರೆಗಳನ್ನು ಹೆಣೆದು ಏಣಿ, ಜೋಗಿ ಜಡೆ, ಬಾಸಿಂಗ, ಗೊಂಬೆ ಸಾಲು. ಅವುಗಳ ನಡುವೆ ಭತ್ತದ ಸಸಿ, ಅಡಿಕೆ ಮರ, ಜೋಡೆತ್ತು. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ದುಂಡನೆಯ ಬುಟ್ಟಿಯ ಸುತ್ತ ಹೊರಟ ಗೆರೆ ಹೊರಟಲ್ಲಿಗೇ ಬಂದು ಸೇರಬೇಕು. ಸೇರದಿದ್ದರೆ? ‘ಸೇರಸ್ಕಳಾದು’ ಎಂದರು ಆ ತಾಯಿ. ‘ಮೊದ್ಲೇ ಕಣ್ಣಲ್ಲಿ ಅಳತೆ ಹಾಕ್ಕಂಡಿರ್ತೀವಿ. ಆದ್ರೂ ಹೆಚ್ಚೂ ಕಮ್ಮಿ ಆಗ್ತದೆ. ಅಲ್ಲೊಂದು ಎಲೆ ಬರೆದ್ರೆ ಆಯ್ತು.’ ಗಣಿತದಲ್ಲಿ ಇದನ್ನು ದೋಷ ಸರಿಪಡಿಸುವುದು ಎನ್ನುತ್ತೇವೆ. ಅವರಿಗೆ ಅದು ಎಲೆ.

ಈ ಬಣ್ಣಗಳು ಬಹಳ ಕಾಲ ಬಾಳುವುದಿಲ್ಲ. ಅಕ್ಕಿಯ ಪಿಷ್ಟ ಹುಳುವಿಗೂ ಊಟ. ಹಳೆಯ ಬುಟ್ಟಿಯಾದರೆ ಮುಂದಿನ ದಸರಾಕ್ಕೆ ಮತ್ತೆ ಸೆಗಣಿ, ಮತ್ತೆ ಕೆಮ್ಮಣ್ಣು, ಮತ್ತೆ ಗೆರೆ. ಮಹಾನವಮಿ ಕಳೆದ ಮೇಲೆ ಹುಣ್ಣಿಮೆಗೆ ಉಳಿಯುವುದು ಐದಾರು ದಿನ. ಅದರ ನಡುವೆ ಕೊಟ್ಟಿಗೆ, ಅಡುಗೆ, ತೋಟದ ಕೆಲಸ ಯಾವುದೂ ನಿಲ್ಲುವಂತಿಲ್ಲ. ಆದರೂ ಬುಟ್ಟಿ ಅರ್ಧಕ್ಕೆ ನಿಂತ ಮನೆಯನ್ನು ಆ ತಾಯಿ ಕಂಡಿಲ್ಲವಂತೆ. ‘ಹುಣ್ಣಿಮೆ ನಮ್ಮನ್ನ ಕೇಳಿ ಬರ್ತದಾ ಮೇಷ್ಟ್ರೇ?’

ಜಂತಿಯ ಮೇಲಿನ ಬುಟ್ಟಿ

ಅರ್ಧಕ್ಕೆ ನಿಂತ ಒಂದು ಬುಟ್ಟಿ ಆ ಮನೆಯಲ್ಲೇ ಇತ್ತು. ರಾತ್ರಿ ಊಟವಾದ ಮೇಲೆ ನನ್ನ ಶಿಷ್ಯ ಅದನ್ನು ಜಂತಿಯಿಂದ ಇಳಿಸಿ ತಂದ. ಹೊಗೆ ಹಿಡಿದ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಕೆಮ್ಮಣ್ಣು ಅಲ್ಲಲ್ಲಿ ಉದುರಿತ್ತು. ಬುಟ್ಟಿಯ ಬಾಯಿಯ ಸುತ್ತ ಐದೆಳೆಯ ಅಂಚು ಪೂರ್ತಿಯಾಗಿತ್ತು. ಕೆಳಗೆ ಭತ್ತದ ಸಸಿಗಳ ಸಾಲು ಅರ್ಧ ಸುತ್ತು ಬಂದು ನಿಂತಿತ್ತು.

ಬರೆದವರು ಅವನ ತಾಯಿ. ಪ್ರತಿ ವರ್ಷ ಮನೆಗೆ ಎರಡು ಬುಟ್ಟಿಯಾದರೆ, ಮದುವೆಯಾಗಿ ಹೋದ ಮಗಳಿಗೆ ಇನ್ನೊಂದನ್ನು ಬರೆದು ಕಳಿಸುತ್ತಿದ್ದರಂತೆ. ಎಲ್ಲರ ಮನೆಯ ಪದ್ಧತಿ ಇದಲ್ಲ, ಆ ಅಜ್ಜಿ ತಾವಾಗಿಯೇ ಹಾಕಿಕೊಂಡದ್ದು. ಮಗಳ ಮನೆಯಲ್ಲಿ ಚಿತ್ತಾರ ಬಲ್ಲವರಿರಲಿಲ್ಲ. ಅಜ್ಜಿಯದು ಮುಂಗೈ ಕೆಲಸ. ಕೊನೇ ಗಳಿಗೆಯ ಓಡಾಟ ಅವರಿಗೆ ಆಗದು. ಒಕ್ಕಲಾಟ ಮುಗಿದು ಕೈ ಬಿಡುವಾದ ಕೂಡಲೇ ಮುಂದಿನ ಹುಣ್ಣಿಮೆಯ ಬುಟ್ಟಿಗೆ ಶುರು. ಹಾಗೆ ಜನವರಿಯಲ್ಲಿ ಆರಂಭಿಸಿದ ಬುಟ್ಟಿ ಇದು. ಏಳೆಂಟು ವರ್ಷದ ಹಿಂದಿನ ಮಾತು.

ಆ ಜನವರಿಯಲ್ಲಿ ಒಂದು ಬೆಳಿಗ್ಗೆ ಅವರು ಕೊಟ್ಟಿಗೆಗೆ ದರಕು ತರಲು ಕಾಡಿಗೆ ಹೋಗಿ ಬಂದರು. ದರಕು ಎಂದರೆ ಒಣಗಿದ ಎಲೆ. ದನಗಳ ಕಾಲಡಿಗೆ ಹಾಸಿದರೆ ಗೊಬ್ಬರವಾಗುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಜ್ವರ. ಆಸ್ಪತ್ರೆಗೆ ಸೇರಿಸಿದರು. ಜ್ವರ ಇಳಿಯಿತು, ಮನೆಗೆ ಹೋಗಬಹುದು ಎನ್ನುವಾಗ ಮತ್ತೆ ಏರಿತು. ಅಜ್ಜಿ ಹಿಂತಿರುಗಲಿಲ್ಲ.

ನಾನು ತರಗತಿಯಲ್ಲಿ ಹೇಳುವುದು ಇಷ್ಟು: ಕಾಡಿನ ಉಣುಗಿಗೆ ವರ್ಷದಲ್ಲಿ ಒಂದು ಸುತ್ತು. ಮಳೆಗಾಲದಲ್ಲಿ ದೊಡ್ಡ ಉಣುಗು. ಮಳೆ ನಿಂತ ಮೇಲೆ ಮೊಟ್ಟೆಯೊಡೆದ ಲಾರ್ವಾ. ಡಿಸೆಂಬರಿನಿಂದ ಮೇ ವರೆಗೆ ಅದರ ಮುಂದಿನ ಹಂತವಾದ ನಿಂಫ್, ಅಂದರೆ ಎಳ್ಳುಕಾಳಿಗಿಂತ ಚಿಕ್ಕ ಮರಿ ಉಣುಗು. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಮರಿಯೇ, ಕಾಯಿಲೆ ತರುವುದೂ ಇದೇ. ಮಂಗ ಸತ್ತು ಬಿದ್ದಾಗ ಅದರ ಮೈಯಿಂದಿಳಿದ ಉಣುಗುಗಳು ಆ ಜಾಗವನ್ನೆಲ್ಲ ಅಪಾಯದ ಜಾಗವಾಗಿ ಮಾಡುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಪಕ್ಕದವರು ಗೇಣು ಸರಿಯುವ ಅಗತ್ಯವಿರಲಿಲ್ಲ. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧಿ ಇಲ್ಲ, ಆರೈಕೆಯೇ ಮದ್ದು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಕಾಡಿಗೆ ಹೋಗುವಾಗ ಮೈಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ, ಬಂದ ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಕೂಡಲೇ ಸುದ್ದಿ ಮುಟ್ಟಿಸುವುದು, ಇವೇ ಸದ್ಯದ ಕಾವಲು. ಈ ಪಾಠವನ್ನು ನೂರು ಸಲ ಮಾಡಿದ್ದೇನೆ. ‘ನೂರರಲ್ಲಿ ಮೂರರಿಂದ ಐದು’ ಎನ್ನುವುದು ಅರ್ಧ ಸುತ್ತು ಬಂದು ನಿಂತ ಭತ್ತದ ಸಸಿಯ ಸಾಲು ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಆ ಬುಟ್ಟಿಯನ್ನು ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಸೊಸೆಗೆ ಚಿತ್ತಾರ ಬರುತ್ತದೆ. ‘ಅತ್ತೆ ಗೆರೆ ಮುಂದೆ ನನ್ನ ಗೆರೆ ಎಳೆಯಾಕೆ ಕೈ ಏಳಲಿಲ್ಲ’ ಎಂದರು. ಆ ವರ್ಷದಿಂದ ನಾದಿನಿಯ ಮನೆಗೆ ಬುಟ್ಟಿ ಹೋಗುವುದು ನಿಂತಿತ್ತು. ನಾದಿನಿ ಹಬ್ಬಕ್ಕೆ ತವರಿಗೆ ಬರುತ್ತಿದ್ದರು, ಬರಿಗೈಯಲ್ಲಿ ಹೋಗುತ್ತಿದ್ದರು. ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಈ ಸಲ ಅದನ್ನು ಮುಗಿಸುತ್ತೇನೆಂದು ಹಟ ಹಿಡಿದವಳು ಮೊಮ್ಮಗಳು. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಾಳೆ. ಹಾಸ್ಟೆಲಿನ ಗೆಳತಿಯರಿಗೆ ಫೋನಿನಲ್ಲಿ ಚಿತ್ತಾರ ತೋರಿಸಿದರೆ ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರಂತೆ. ಕಲಿತೇ ಇಲ್ಲ ಎಂದು ಹೇಳಲು ನಾಚಿಕೆಯಾಯಿತಂತೆ. ‘ಊರು ಯಾವುದು ಅಂತನೂ ಕೇಳಿದ್ರು ಸಾರ್. ಕ್ಯಾಸನೂರು ಅಂತಲೇ ಅಂದೆ’ ಎಂದಳು.

ಎರಡು ರಾತ್ರಿ ಅವಳು ಆ ಬುಟ್ಟಿಯ ಮುಂದೆ ಕೂತಳು. ಅಮ್ಮ ಪಕ್ಕದಲ್ಲಿ ತಮ್ಮ ಬುಟ್ಟಿ ಬರೆಯುತ್ತ ಆಗಾಗ ಕಣ್ಣು ಹಾಯಿಸುತ್ತಿದ್ದರು, ಕೈ ಹಾಕಲಿಲ್ಲ. ಉದುರಿದ ಕಡೆ ಕೆಮ್ಮಣ್ಣು ಮೆತ್ತಿದ್ದಾಯಿತು. ಮೊದಲ ರಾತ್ರಿ ಗೆರೆ ನಡುಗಿತು. ಒರೆಸಿ ಮತ್ತೆ ಬರೆದಳು, ಮತ್ತೆ ನಡುಗಿತು. ಅಳುವೇ ಬಂತು. ‘ಬಿಡು ಮಗಳೇ, ನಿಮ್ಮಜ್ಜಿ ಮೊದಲನೇ ಬುಟ್ಟಿನೂ ನೀನು ನೋಡಿಲ್ಲ, ನಾನೂ ನೋಡಿಲ್ಲ’ ಎಂದರು ಅಮ್ಮ. ಮೇಷ್ಟರ ಕೆಲಸದಲ್ಲಿ ನಾನು ಆಡಿದ ಎಷ್ಟೋ ಬುದ್ಧಿಮಾತಿಗಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡಿತು. ಹುಡುಗಿ ಕಣ್ಣೊರೆಸಿಕೊಂಡು ಕುಂಚ ಎತ್ತಿದಳು.

ಎರಡನೇ ರಾತ್ರಿ ಹನ್ನೊಂದರ ಹೊತ್ತಿಗೆ ಸಾಲು ಸುತ್ತು ಬಂದು ಅಜ್ಜಿಯ ಮೊದಲ ಸಸಿಯ ಪಕ್ಕ ನಿಂತಿತು. ಒಂದು ಬೆರಳು ಜಾಗ ಉಳಿದಿತ್ತು. ಅಮ್ಮನ ಮುಖ ನೋಡಿದಳು. ಅಮ್ಮ ಏನೂ ಹೇಳಲಿಲ್ಲ. ಅಲ್ಲೊಂದು ಎಲೆ ಬರೆದಳು.

ಹುಣ್ಣಿಮೆಯ ಬೆಳಗು

ಹುಣ್ಣಿಮೆಯ ದಿನ ಮನೆಗೆ ನಿದ್ದೆಯಿಲ್ಲ. ಗಂಡಸರು ಹೊಲದ ಬದು, ಕಾಡಿನ ಅಂಚು ಸುತ್ತಿ ತಂದ ಬಗೆಬಗೆಯ ಸೊಪ್ಪು, ಕುಡಿಗಳನ್ನು ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ಕಡುಬು, ಚಿತ್ರಾನ್ನ, ಮೊಸರು ಬುತ್ತಿ, ಹೋಳಿಗೆ, ಪಲ್ಯಗಳು. ಇನ್ನೂ ಕತ್ತಲಿರುವಾಗಲೇ ನನ್ನ ಶಿಷ್ಯ ಸಣ್ಣ ಬುಟ್ಟಿಯಲ್ಲಿ ಹಚ್ಚಂಬಲಿ ತುಂಬಿಕೊಂಡು, ಬೆಳಕು ಹಿಡಿದು, ಗದ್ದೆಯ ಸುತ್ತ ಬೀರಲು ಹೊರಟ. ನಾನೂ ಹಿಂದೆ ಹೋದೆ. ಇಬ್ಬನಿಯಲ್ಲಿ ಮೊಣಕಾಲವರೆಗೆ ಪಂಚೆ ನೆನೆಯಿತು. ಸುತ್ತಲಿನ ಗದ್ದೆಗಳಿಂದಲೂ ಭೂಮಿತಾಯಿಯನ್ನು ಕರೆದು ಉಣ್ಣಲು ಹೇಳುವ ಕೂಗು ಕೇಳಿಸುತ್ತಿತ್ತು. ಹಿಂದೆ ಈ ಕೂಗು ಬಯಲು ತುಂಬ ಕೇಳುತ್ತಿತ್ತಂತೆ. ಈಗ ಗದ್ದೆಯಿದ್ದಲ್ಲಿ ಅಡಿಕೆ ಬಂದ ಮೇಲೆ ಕೆಲವರು ತೋಟದಲ್ಲೇ ಪೂಜೆ ಮಾಡುತ್ತಾರೆ, ಕೆಲವರು ಬಿಟ್ಟಿದ್ದಾರೆ.

ಬೆಳಕು ಹರಿದ ಮೇಲೆ ಎಲ್ಲರೂ ಗದ್ದೆಗೆ ಬಂದರು. ದೊಡ್ಡ ಬುಟ್ಟಿ ಮಗನ ತಲೆಯ ಮೇಲೆ. ಆರತಿ ತಟ್ಟೆ ಸೊಸೆಯ ಕೈಯಲ್ಲಿ. ಹೊಡೆಯಾದ ಒಂದು ಭತ್ತದ ಬುಡಕ್ಕೆ ಅರಿಸಿನ, ಕುಂಕುಮ, ಹೂವು. ಸೊಸೆ ತಮ್ಮ ಕೊರಳಿನ ತಾಳಿಯನ್ನು ತೆಗೆದು ಪೈರಿಗೆ ತೊಡಿಸಿದರು. ಪೂಜೆ ಮುಗಿಯುವವರೆಗೆ ಒಡವೆ ಅದರದೇ. ಕಾಗೆಗೆ, ಇಲಿಗೆ ಎಡೆಯಿಟ್ಟು ಆಮೇಲೆ ಮನೆಯವರು ಅಲ್ಲೇ ಬದುವಿನ ಮೇಲೆ ಬಾಳೆಲೆ ಹಾಸಿ ಊಟಕ್ಕೆ ಕೂತರು.

ನನ್ನ ಶಿಷ್ಯನ ಅಕ್ಕ ಹಿಂದಿನ ಸಂಜೆಯೇ ಬಂದಿದ್ದರು. ಊಟ ಮುಗಿದ ಮೇಲೆ ಮೊಮ್ಮಗಳು ಬಟ್ಟೆ ಸುತ್ತಿದ ಬುಟ್ಟಿಯನ್ನು ತಂದು ಅವರ ಮುಂದಿಟ್ಟಳು. ‘ಅತ್ತೆ, ಇದು ನಿಮ್ಮದು.’ ಅವರು ಬಟ್ಟೆ ಬಿಚ್ಚಿದರು. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಬುಟ್ಟಿಯನ್ನು ನಿಧಾನವಾಗಿ ತಿರುಗಿಸುತ್ತ ಬಂದು ಒಂದು ಕಡೆ ಬೆರಳು ನಿಲ್ಲಿಸಿದರು. ಹಳೆಯ ಬಿಳಿ ಹೊಗೆಗೆ ಹಳದಿಯಾಗಿತ್ತು, ಹೊಸ ಬಿಳಿ ಹಾಲಿನ ಹಾಗಿತ್ತು. ‘ಅವ್ವ ಇಲ್ಲಿಗೆ ನಿಲ್ಸಿದಾಳೆ’ ಎಂದರು. ಸ್ವಲ್ಪ ಹೊತ್ತು ಕಳೆದು, ‘ಇಷ್ಟು ದಿನ ಬುಟ್ಟಿ ಬರಲ್ಲ ಅಂತ ನಾನು ಬೇಜಾರು ಮಾಡ್ಕಂಡಿರ್ಲಿಲ್ಲ ಕಣೇ. ಅವ್ವ ಬರೆದಿಟ್ಟಿದ್ಲು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು’ ಎಂದರು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡರು. ಉಳಿದ ಕಡುಬು, ಬುತ್ತಿಯನ್ನೆಲ್ಲ ಆ ಬುಟ್ಟಿಗೇ ತುಂಬಿದರು. ಮಧ್ಯಾಹ್ನದ ಬಸ್ಸಿಗೆ ಬುಟ್ಟಿ ಮಗಳ ಮನೆಗೆ ಹೊರಟಿತು.

ಚಿತ್ತಾರ ಈಗ ಗೋಡೆ, ಬುಟ್ಟಿ ಬಿಟ್ಟು ಕಾಗದಕ್ಕೂ ಬಟ್ಟೆಗೂ ಬಂದಿದೆ. ಸಾಗರ ತಾಲ್ಲೂಕಿನ ಕಲಾವಿದರು ಅದನ್ನು ಊರಾಚೆ, ನಾಡಿನಾಚೆ ತೋರಿಸಿದ್ದಾರೆ. ಒಳ್ಳೆಯದೇ, ಕೈಗೆ ನಾಲ್ಕು ಕಾಸು ಬರಬೇಕು, ಕಲೆಗೂ ಹೆಸರು ಬರಬೇಕು. ಆದರೆ ಗಾಜಿನ ಚೌಕಟ್ಟಿನೊಳಗಿನ ಚಿತ್ತಾರಕ್ಕೆ ಹುಣ್ಣಿಮೆಯ ಗಡುವಿಲ್ಲ. ಬುಟ್ಟಿಗೆ ಇದೆ. ಯಾರಿಗಾಗಿ, ಯಾವ ದಿನಕ್ಕೆ ಎಂಬುದು ಗೊತ್ತಿರುವುದರಿಂದಲೇ ಅದು ಪ್ರತಿ ವರ್ಷ ಮುಗಿಯುತ್ತದೆ. ಗೆರೆ ನಡುಗಿದರೂ ಮುಗಿಯುತ್ತದೆ. ಕ್ಯಾಸನೂರಿನ ಹೆಸರು ಬಂದಾಗ ಜಗತ್ತು ಉಣುಗು, ಮಂಗ, ವೈರಸ್ ಎನ್ನುತ್ತದೆ, ಸುಳ್ಳಲ್ಲ. ಇನ್ನು ಮೇಲೆ ನನ್ನ ತರಗತಿಯಲ್ಲಿ ಆ ಪಾಠದ ಕೊನೆಗೆ ಈ ಬುಟ್ಟಿಯ ಮಾತನ್ನೂ ಸೇರಿಸಬೇಕೆಂದಿದ್ದೇನೆ. ಮೂರನೇ ಬೆಂಚಿನಲ್ಲಿ ಯಾರಾದರೂ ತಲೆ ತಗ್ಗಿಸಿ ಕೂತಿರಬಹುದು.

ಹದಿನೈದು ದಿನ

ಹುಣ್ಣಿಮೆಯಿಂದ ದೀಪಾವಳಿಯ ಅಮಾವಾಸ್ಯೆಗೆ ಹದಿನೈದು ದಿನ. ಶಿಕಾರಿಪುರಕ್ಕೆ ಬಂದ ಸಂಜೆಯೇ ಅಟ್ಟ ಹತ್ತಿದೆ. ಮೂರು ಚೌಕಟ್ಟುಗಳಲ್ಲಿ ಎರಡಕ್ಕೆ ಕುಟ್ಟೆ ಹಿಡಿದಿತ್ತು. ಮೊದಲನೆಯದು, ಮಗಳು ಏಳನೇ ತರಗತಿಯಲ್ಲಿದ್ದಾಗ ಕಟ್ಟಿದ್ದು, ಗಟ್ಟಿಯಾಗಿಯೇ ಇತ್ತು. ಆಗ ಅವಳೂ ನನ್ನ ಜೊತೆ ಕೂತು ಕಟ್ಟಿದ್ದಳು. ಒಂದು ಮೂಲೆಯಲ್ಲಿ ನೂಲಿನ ಗಂಟು ಹತ್ತು ಸುತ್ತು ಸುತ್ತಿ ಉಂಡೆಯಾಗಿತ್ತು. ಅದು ನನ್ನ ಗಂಟಲ್ಲ.

ಕಾಗದ ತಂದೆ, ಮೈದಾ ಕಾಯಿಸಿ ಅಂಟು ಮಾಡಿದೆ. ದಿನಕ್ಕೊಂದು ಮುಖ ಎಂದು ಲೆಕ್ಕ ಹಾಕಿಕೊಂಡೆ. ಶಾಲೆ ಶುರುವಾಯಿತು, ಉತ್ತರ ಪತ್ರಿಕೆಗಳ ಕಟ್ಟೂ ಬಂತು. ಒಂದು ದಿನ ಕಾಗದ ಹರಿಯಿತು, ಇನ್ನೊಂದು ದಿನ ಅಂಟಿಗೆ ಇರುವೆ ಬಂತು; ಅದೂ ಪಿಷ್ಟವೇ ಅಲ್ಲವೇ. ಕೆಂಪು ಕಾಗದ ಸಾಲದೆ ಒಂದು ಮುಖಕ್ಕೆ ಹಳದಿ ಬಂತು. ಅದನ್ನು ಎಲೆ ಎಂದುಕೊಂಡೆ.

ನೀರು ತುಂಬುವ ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನಿಂದ ಮಗಳು, ಅಳಿಯ, ಐದು ವರ್ಷದ ಮೊಮ್ಮಗ ಬಂದರು. ಆಕಾಶಬುಟ್ಟಿ ಜಗುಲಿಯಲ್ಲಿ ತೂಗುತ್ತಿತ್ತು, ಒಳಗೊಂದು ಸಣ್ಣ ಬಲ್ಬು. ‘ತಾತ, ಇದು ಯಾಕೆ ಸೊಟ್ಟ ಇದೆ?’ ಎಂದ ಮೊಮ್ಮಗ. ಮಗಳು ಚೀಲ ಕೆಳಗಿಡದೆ ಅದನ್ನೇ ನೋಡುತ್ತ ನಿಂತಳು. ಆಮೇಲೆ ಕೈ ಚಾಚಿ ಕಾಗದದ ಮೇಲಿಂದಲೇ ಆ ಮೂಲೆಯನ್ನು ಮುಟ್ಟಿದಳು.

‘ಅಪ್ಪ, ಇದು ನಾನು ಹಾಕಿದ ಗಂಟು ಅಲ್ವಾ?’

‘ಹೌದು’ ಎಂದೆ. ‘ಸ್ವಲ್ಪ ತಡವಾಯಿತು.’